ಚೀನಾಕ್ಕೆ ಹೊರಡುವ ಮುನ್ನ ಫೋನಿನ ಸಿದ್ಧತೆ

ಅಲ್ಲಿ ಇಳಿದ ಮೇಲೆ ನೋಡಿಕೊಂಡರಾಯಿತು ಎಂದು ಚೀನಾಕ್ಕೆ ಹೊರಟವರು ಮೊದಲ ದಿನವೇ ಒಂದು ಬಾಟಲಿ ನೀರಿಗೂ ಪರದಾಡಿದ್ದನ್ನು ನೋಡಿದ್ದೇನೆ. ಶಾಂಘೈನ ಮಾಲ್‌ನಲ್ಲಿಯೂ ಯುನ್ನಾನ್‌ನ ಹಳ್ಳಿಯ ತರಕಾರಿ ಅಂಗಡಿಯಲ್ಲಿಯೂ ಜನ ಫೋನಿನಲ್ಲಿಯೇ ಹಣ ಕೊಡುತ್ತಾರೆ. ವೀಸಾ ಮತ್ತು ವಿಮಾನದ ಟಿಕೆಟ್ ಕೆಲಸವನ್ನು ಏಜೆಂಟರಿಗೆ ಬಿಡಬಹುದು. ಫೋನಿನ ಸಿದ್ಧತೆಯನ್ನು ಮಾತ್ರ ನೀವೇ ಮಾಡಬೇಕು.

ಹೊರಡಲು ಒಂದು ವಾರ ಇರುವಾಗಲೇ ಬ್ಯಾಂಕಿನ ಆ್ಯಪ್‌ನಲ್ಲಿ ನಿಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್‌ನ ವಿದೇಶಿ ವ್ಯವಹಾರವನ್ನು ತೆರೆಯಿರಿ. ಅನೇಕರು ಮರೆಯುವುದು ಇದನ್ನೇ. ಆಮೇಲೆ ಚೀನಾದಲ್ಲಿ ಹಣ ಕೊಡಲು ಬಳಸುವ ಅಲಿಪೇ ಆ್ಯಪ್‌ಗೆ ಕಾರ್ಡ್ ಸೇರಿಸಿ, ಪಾಸ್‌ಪೋರ್ಟಿನ ಚಿತ್ರ ಕೊಟ್ಟು ಗುರುತಿನ ಪರಿಶೀಲನೆ ಮುಗಿಸಿ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿರುತ್ತದೆ, ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ. ಆದ್ದರಿಂದ ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲುಗಳಲ್ಲಿ ಹೆಸರು ಹೇಗಿದೆಯೋ ಹಾಗೆಯೇ ನಮೂದಿಸಿ. ಒಟಿಪಿ ಭಾರತದ ಸಂಖ್ಯೆಗೇ ಬರುವುದರಿಂದ ಆ ಸಿಮ್‌ಗೆ ರೋಮಿಂಗ್ ಹಾಕಿಸಿ. ರೋಮಿಂಗ್‌ನಲ್ಲಿ, ಅಲ್ಲಿ ನಿರ್ಬಂಧಿಸಿರುವ ಗೂಗಲ್ ಮತ್ತು ವಾಟ್ಸ್‌ಆ್ಯಪ್ ಕೂಡ ಸಾಮಾನ್ಯವಾಗಿ ತೆರೆಯುತ್ತವೆ. ನಿರ್ಬಂಧ ದಾಟಿಸುವ ಉಚಿತ ವಿಪಿಎನ್ ಆ್ಯಪ್‌ಗಳ ತಂಟೆಗೆ ಹೋಗಬೇಡಿ. ವಿದೇಶಿ ಕಾರ್ಡಿನಿಂದ ಒಮ್ಮೆಗೆ 200 ಯುವಾನ್ ಮೀರಿ ಕೊಟ್ಟರೆ ಶೇ 3ರಷ್ಟು ಶುಲ್ಕ ಬೀಳುತ್ತದೆ; ದೊಡ್ಡ ಬಿಲ್ಲನ್ನು ಎರಡು ಭಾಗ ಮಾಡಿ ಕಟ್ಟಬಹುದೇ ಎಂದು ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಅಲಿಪೇಯಂಥದ್ದೇ ಆದ ವಿಚಾಟ್ ಪೇಯನ್ನೂ ಸಿದ್ಧವಾಗಿಟ್ಟುಕೊಳ್ಳಿ, ಸಣ್ಣ ನೋಟುಗಳಲ್ಲಿ ಐನೂರು ಯುವಾನ್ ಜೇಬಿನಲ್ಲಿರಲಿ.

ನಕ್ಷೆಗೆ ಗೂಗಲ್ ಅನ್ನು ನಂಬಬೇಡಿ. ಚೀನಾದ ನಕ್ಷೆಗಳು ಬೇರೆಯೇ ನಿರ್ದೇಶಾಂಕ ಪದ್ಧತಿಯನ್ನು ಬಳಸುವುದರಿಂದ ಅದರಲ್ಲಿ ರಸ್ತೆಗಳೇ ಪಕ್ಕಕ್ಕೆ ಸರಿದಂತೆ ಕಾಣುತ್ತವೆ. ಅಮ್ಯಾಪ್ ಎಂಬ ಚೀನೀ ನಕ್ಷೆಯ ಆ್ಯಪ್ ಇಟ್ಟುಕೊಳ್ಳಿ.

1318 ಕಿ.ಮೀ. ದೂರದ ಬೀಜಿಂಗ್–ಶಾಂಘೈ ಪ್ರಯಾಣಕ್ಕೆ ವೇಗದ ರೈಲಿನಲ್ಲಿ ಸುಮಾರು ನಾಲ್ಕೂವರೆ ಗಂಟೆ ಸಾಕು. ವಿಮಾನ ಹತ್ತುವುದು ನನ್ನ ದೃಷ್ಟಿಯಲ್ಲಿ ದಂಡ. ಟಿಕೆಟ್ಟನ್ನು ಚೀನಾ ರೈಲ್ವೆಯ 12306 ಎಂಬ ಜಾಲತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಖರೀದಿಸಬೇಕು. ಆ ಪಾಸ್‌ಪೋರ್ಟೇ ಟಿಕೆಟ್. ಯಂತ್ರದ ಗೇಟು ಅದನ್ನು ಓದದಿದ್ದರೆ ಸಿಬ್ಬಂದಿ ನಿಂತಿರುವ ಗೇಟಿಗೆ ಹೋಗಿ.

ಹಳ್ಳಿಯಲ್ಲಿ ಯಾರದಾದರೂ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಾಯಿಸಿಕೊಳ್ಳಬೇಕು. ಹೋಟೆಲಿನಲ್ಲಾದರೆ ಅವರೇ ಮಾಡುತ್ತಾರೆ. ಸಸ್ಯಾಹಾರಿಗಳು 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಸೊಪ್ಪಿನ ಪಲ್ಯವೂ ಹಂದಿಕೊಬ್ಬಿನಲ್ಲಿ ಬೆಂದು ಬರಬಹುದು. ಕೊಬ್ಬು, ಮೀನು, ಸಿಂಪಿಯ ಸಾಸ್ ಯಾವುದೂ ಬೇಡ ಎಂಬುದನ್ನು ಚೀನೀ ಲಿಪಿಯಲ್ಲಿ ಬರೆಸಿಕೊಂಡು, ಬಾಣಲೆ ಒಲೆಗೇರುವ ಮೊದಲೇ ಅಡುಗೆಯವರಿಗೆ ತೋರಿಸಿ.