ಕೋಟು ಅಲ್ಲಿಯದು, ಅಂಗಿ ಊರಿನದು
ಓದಲಿಕ್ಕೆ, ಕೆಲಸಕ್ಕೆ ಅಂತ ಜರ್ಮನಿ, ಐರ್ಲೆಂಡ್ ಕಡೆ ಹೊರಟವರಿಗೆ: ಕೋಟು, ಶೂ ಅಲ್ಲಿಯವರ ಹಾಗೇ ಇರಲಿ, ಅಲ್ಲೇ ತಗೊಳ್ಳಿ, ಒಳಗಿನ ಅಂಗಿ, ಕುರ್ತಾ ಮಾತ್ರ ನಿಮ್ಮದೇ ಸ್ಟೈಲ್. ಚಳಿಗಾಲದಲ್ಲಿ ರಸ್ತೆಯಲ್ಲಿ ಕಾಣುವುದು ಕೋಟು ಮಾತ್ರ. ಒಳಗೆ ಹೋದ ಕೂಡಲೇ ಹೀಟರ್ ಬಿಸಿ, ಕೋಟು ಬಿಚ್ಚಿ ತೂಗುಹಾಕುತ್ತೀರಿ, ಆಗ ಉಡುಪಿ ಕೈಮಗ್ಗದ ಚೌಕುಳಿ ಕಾಣುತ್ತದೆ, ಆ ಸೆಕೆಗೆ ದಪ್ಪ ಸ್ವೆಟರಿಗಿಂತ ಹತ್ತಿಯೇ ಹಿತ. ಈ ಉಡುಪಿ ಸೀರೆ ನೇಯುವ, ಮಂಗಳೂರು ಕಡೆಯ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೊಸೈಟಿಯ ಒಂದು ಸೀರೆಯಲ್ಲಿ ಎರಡು ಕುರ್ತಾ ಹೊಲಿಸಬಹುದು (ಸೀರೆ ಕತ್ತರಿಸಿದ್ದಕ್ಕೆ ಅಮ್ಮ ಬೈದರೆ ನನ್ನ ಹೆಸರು ಹೇಳಬೇಡಿ). ವಾಷಿಂಗ್ ಮೆಷಿನ್ 30 ಡಿಗ್ರಿಯಲ್ಲೇ ಇಡಿ, ಮೊದಲ ಸಲ ಬೇರೆಯೇ ಒಗೆಯಿರಿ, ಬಣ್ಣ ಬಿಟ್ಟೀತು. ಯೂನಿಫಾರ್ಮ್ ಇರುವ ಕೆಲಸಕ್ಕೆ ಇದು ನಡೆಯುವುದಿಲ್ಲ. ಗಲ್ಫಿಗೂ ಅಷ್ಟೇ, ಅಲ್ಲಿ ಕೋಟೇ ಬೇಡ ಅಲ್ವಾ!