ಕೆರೆಯ ಹೂಳಿನಿಂದ ಹೊಸ ಸಲ್ಫೇಟ್ ಬ್ಯಾಕ್ಟೀರಿಯಾ: ಹೆಸರಿಡುವ ಮೊದಲು ಒಂಟಿ ಮಾಡಿ

ಕೆರೆಯ ಕಪ್ಪು ಹೂಳಿಗೆ ಕೊಳೆತ ಮೊಟ್ಟೆಯ ನಾತವಿದ್ದರೆ, ಆಮ್ಲಜನಕದ ಬದಲು ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾ ಅಲ್ಲಿರುವುದು ಹೆಚ್ಚುಕಡಿಮೆ ಖಚಿತ. ಮೇಲ್ಪದರ ಬಿಟ್ಟು ಒಳಗಿನ ಹೂಳನ್ನು ಬಾಟಲಿಯ ಬಾಯಿವರೆಗೂ ತುಂಬಿ. ಮೇಲೆ ಗಾಳಿಗೆ ಜಾಗ ಉಳಿಯಬಾರದು. 4 ಡಿಗ್ರಿಯಲ್ಲಿಡಿ, ಹೆಪ್ಪುಗಟ್ಟಿಸಬೇಡಿ.

ಇವನ್ನು ಬೆಳೆಸುವ ಮಾಧ್ಯಮ, ಅಂದರೆ ಆಹಾರದ ದ್ರವ, ಹೀಗಿರಲಿ: ಲೀಟರ್ ನೀರಿಗೆ ಸೋಡಿಯಂ ಸಲ್ಫೇಟ್ 4 ಗ್ರಾಂ, ಸೋಡಿಯಂ ಕ್ಲೋರೈಡ್ 1, ಪೊಟ್ಯಾಸಿಯಂ ಕ್ಲೋರೈಡ್ 0.5, ಮೆಗ್ನೀಸಿಯಂ ಕ್ಲೋರೈಡ್ 0.4, ಅಮೋನಿಯಂ ಕ್ಲೋರೈಡ್ 0.25, ಪೊಟ್ಯಾಸಿಯಂ ಫಾಸ್ಫೇಟ್ 0.2, ಕ್ಯಾಲ್ಸಿಯಂ ಕ್ಲೋರೈಡ್ 0.15, ಆಮ್ಲಜನಕವಿದ್ದರೆ ಗುಲಾಬಿಯಾಗಿ ಸುಳಿವು ಕೊಡುವ ಬಣ್ಣ ರೆಸಾಜುರಿನ್ 1 ಮಿಲಿಗ್ರಾಂ. ಕುದಿಸಿ, 80:20 ನೈಟ್ರೋಜನ್–ಇಂಗಾಲದ ಡೈಆಕ್ಸೈಡ್ ಹಾಯಿಸುತ್ತಲೇ ಆರಿಸಿ, ಮುಚ್ಚಿ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಗೊಳಿಸಿ). ಬೈಕಾರ್ಬನೇಟ್ 2.5 ಗ್ರಾಂ, ಸೋಡಿಯಂ ಸಲ್ಫೈಡ್ 0.36 ಗ್ರಾಂ, ಲ್ಯಾಕ್ಟೇಟ್ 20 ಮಿಲಿಮೋಲ್, ಜೀವಸತ್ವ, ಸೂಕ್ಷ್ಮ ಲೋಹಗಳನ್ನು ಬೇರೆಯಾಗಿ ಕ್ರಿಮಿಶುದ್ಧ ಮಾಡಿ ಆಮೇಲೆ ಸೇರಿಸಿ, ಪಿಎಚ್ 7.2ರ ಸುತ್ತ ಇರಲಿ. ಸಲ್ಫೈಡ್ ಹಾಕಿದ ಮೇಲೂ ಗುಲಾಬಿ ಬಣ್ಣ ಹೋಗದಿದ್ದರೆ ಗಾಳಿ ನುಗ್ಗಿದೆ ಎಂದರ್ಥ. ಎಷ್ಟೋ ಸಲ ಕಳ್ಳ ಸಿಗುವುದು ಬಿರಡೆಯಲ್ಲೇ: ಸಿಲಿಕೋನ್ ಬೇಡ, ಗಟ್ಟಿ ಬ್ಯುಟೈಲ್ ರಬ್ಬರ್ ಇರಲಿ.

ಹೂಳು ಹಾಕಿದ ಬಾಟಲಿ ಕಪ್ಪಾದರೆ ಗೆದ್ದೆವೆಂದು ಹಿಗ್ಗಬೇಡಿ. ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದು, ಅದು ಪಕ್ಕದ ಜೀವಿಯನ್ನೂ ಕಪ್ಪಾಗಿಸುತ್ತದೆ. ಒಂದೇ ಜೀವಿಯನ್ನು ಬೇರ್ಪಡಿಸಲು, ಮಾಧ್ಯಮಕ್ಕೆ ಸೇರಿಸಿದ ಶೇ. 1ರ ಅಗಾರನ್ನು (ತಣಿದರೆ ಜೆಲ್ಲಿಯಾಗುವ ವಸ್ತು) ಕರಗಿಸಿ, ಗಟ್ಟಿಯಾಗದಂತೆ 45 ಡಿಗ್ರಿಯಲ್ಲಿಟ್ಟು, ಬಾಟಲಿಯ ದ್ರವವನ್ನು ಎಂಟು ಕೊಳವೆಗಳಲ್ಲಿ ಹತ್ತರಲ್ಲೊಂದು ಪಾಲಿನಂತೆ ತೆಳುಮಾಡುತ್ತಾ ಹೋಗಿ, ತಣ್ಣೀರಲ್ಲಿ ಗಟ್ಟಿಯಾಗಿಸಿ, ಮೇಲೆ ಅದೇ ಅನಿಲ ತುಂಬಿ. ಎರಡರಿಂದ ನಾಲ್ಕು ವಾರ ಕಾಯಬೇಕು. ಕೊನೆಯ ಕೊಳವೆಗಳಲ್ಲಿ ದೂರ ದೂರ ನಿಂತ ಕಾಲೊನಿಯನ್ನು ತುದಿ ಸಪೂರ ಮಾಡಿದ ಪಾಶ್ಚರ್ ಪಿಪೆಟ್‌ನಿಂದ (ಗಾಜಿನ ಹೀರುಕೊಳವೆ) ಹೀರಿ, ಇದನ್ನೇ ಕನಿಷ್ಠ ಮೂರು ಸಲ ಮಾಡಿ. ಬಳಿಕ ಸಲ್ಫೇಟ್ ಇಲ್ಲದ, ಗ್ಲೂಕೋಸ್ ಮತ್ತು ಯೀಸ್ಟ್ ಸಾರವಿರುವ ಮಾಧ್ಯಮಕ್ಕೆ ಹಾಕಿ, ಗಾಳಿಯಲ್ಲೂ ಗಾಳಿಯಿಲ್ಲದೆಯೂ ಬೆಳೆಸಿ ನೋಡಿ. ಮಸುಕಾದರೆ ಹುದುಗಿಸುವ ಜೊತೆಗಾರನೊಂದು ಉಳಿದಿರುವ ಅನುಮಾನ.

ಬ್ಯಾಕ್ಟೀರಿಯಾದ ಗುರುತು ಹಿಡಿಯಲು ಬಳಸುವ 16ಎಸ್ ಜೀನನ್ನು 27ಎಫ್, 1492ಆರ್ ಎಂಬ ಪ್ರೈಮರ್‌ಗಳಿಂದ (ನಕಲಿಗೆ ಚಾಲನೆ ಕೊಡುವ ಡಿಎನ್‌ಎ ತುಣುಕುಗಳು) ಹೆಚ್ಚಿಸಿ, ಅನುಕ್ರಮ ಓದಿಸಿ. ಓದಿನ ನಕ್ಷೆಯಲ್ಲಿ ಒಂದೇ ಜಾಗದಲ್ಲಿ ಜೋಡಿ ಶಿಖರ ಕಂಡರೆ ಮಿಶ್ರಣವಿರಬಹುದು. ಒಂದೇ ಜೀವಿಯಲ್ಲಿ ಆ ಜೀನಿನ ಬೇರೆ ಬೇರೆ ಪ್ರತಿಗಳೂ ಇರಬಹುದು. ಹೋಲಿಕೆ ಮಾದರಿ ತಳಿಗಳೊಂದಿಗೆ (ಪ್ರಭೇದಕ್ಕೆ ಹೆಸರಿಡಲು ಆಧಾರವಾದ ತಳಿಗಳು) ಮಾತ್ರ. ಪ್ರಯೋಗಾಲಯದಲ್ಲಿ ಬೆಳೆಸದ ಅನಾಮಧೇಯ ಜೀವಿಗಳ ಡಿಎನ್‌ಎ ಅನುಕ್ರಮಗಳ ಜೊತೆಗಲ್ಲ. ಹೋಲಿಕೆ ಶೇ. 98.7ಕ್ಕಿಂತ ಕಡಿಮೆಯಾದರೆ ಹೊಸ ಪ್ರಭೇದದ ಆಸೆ ಇಟ್ಟುಕೊಳ್ಳಬಹುದು. ಹೆಚ್ಚಾದರೂ ಕೈಬಿಡಬೇಡಿ, ತೀರ್ಪು ಜೀನೋಮಿನದು: ಎಎನ್‌ಐ (ಎರಡು ಜೀನೋಮುಗಳ ಸರಾಸರಿ ಹೋಲಿಕೆ) ಶೇ. 95–96ಕ್ಕಿಂತ, ಡಿಜಿಟಲ್ ಡಿಎನ್‌ಎ ಹೋಲಿಕೆ (ಡಿಎನ್‌ಎ ಜೋಡಣೆಯ ಕಂಪ್ಯೂಟರ್ ಅಂದಾಜು) ಶೇ. 70ಕ್ಕಿಂತ ಕೆಳಗಿರಬೇಕು. ಜೀನೋಮಿನೊಳಗಿನ 16ಎಸ್ ನೀವು ಮೊದಲು ಓದಿಸಿದ್ದಕ್ಕೆ ಹೊಂದದಿದ್ದರೆ ಮತ್ತೆ ಅಗಾರ್ ಕೊಳವೆಗೇ ಮರಳಿ.

ಉಷ್ಣತೆ, ಪಿಎಚ್, ಉಪ್ಪಿನ ಮಿತಿಗಳನ್ನು ಅತಿ ಹತ್ತಿರದ ಮಾದರಿ ತಳಿಯ ಜೊತೆಜೊತೆಯಲ್ಲೇ ಅಳೆಯಿರಿ. ಆಹಾರ ಪರೀಕ್ಷೆಯಲ್ಲಿ ಹೊಸ ಮಾಧ್ಯಮಕ್ಕೆ ಎರಡನೇ ಸಲ ವರ್ಗಾಯಿಸಿದಾಗಿನ ಬೆಳವಣಿಗೆಯನ್ನೇ ಲೆಕ್ಕಕ್ಕೆ ಹಿಡಿಯಿರಿ, ಏಕೆಂದರೆ ಮೊದಲನೆಯದರಲ್ಲಿ ಹಳೆಯ ಲ್ಯಾಕ್ಟೇಟ್ ತೂರಿ ಬಂದಿರುತ್ತದೆ.

ಕೊನೆಗೆ ತಳಿಯನ್ನು ಎರಡು ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಗಳಲ್ಲಿ ಇಡಬೇಕು. ಭಾರತದ ಕೆರೆಯದಾದರೆ ಹೊರಗೆ ಕಳಿಸುವ ಮೊದಲು 2002ರ ಜೀವವೈವಿಧ್ಯ ಕಾಯ್ದೆಯ ನಿಯಮ ನೋಡಿ; ಈ ಕಾಗದಪತ್ರವನ್ನು ಜೀನೋಮ್ ಓದಿಸುವಾಗಲೇ ಶುರುಮಾಡಿ.