ಹಳೆಯ ಕ್ಯಾಂಪರ್ ವ್ಯಾನಿನ ಅಡಿಯಲ್ಲಿ ಸೋರಿಕೆ: ಮೂಲ ಪತ್ತೆ ಹಚ್ಚುವುದು ಹೇಗೆ?

ರಾತ್ರಿಯಿಡೀ ನಿಂತಿದ್ದ ಕ್ಯಾಂಪರ್ ವ್ಯಾನನ್ನು (ಒಳಗೇ ಮಲಗಿ ವಾಸಿಸಬಹುದಾದ ಗಾಡಿ) ಬೆಳಿಗ್ಗೆ ಮುಂದಕ್ಕೆ ತೆಗೆದಾಗ ನೆಲದ ಮೇಲೆ ಅಂಗೈಯಗಲದ ಕಲೆ ಕಂಡರೆ, ಹೆಚ್ಚಿನವರು ಅದರ ನೇರ ಮೇಲಿರುವ ಭಾಗವನ್ನೇ ಅನುಮಾನಿಸಿ ಸೀಲನ್ನೋ ಪ್ಯಾಕಿಂಗನ್ನೋ ಬದಲಿಸಲು ಮುಂದಾಗುತ್ತಾರೆ. ಆದರೆ ಹನಿ ಬೀಳುವ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ದ್ರವ ಇಳಿಜಾರು ಹಿಡಿದು ಇಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಚಾಸಿಯ ಅಂಚಿನಗುಂಟ ಹರಿದು ಮಾರು ದೂರದಲ್ಲಿ ತೊಟ್ಟಿಕ್ಕುವುದೂ ಉಂಟು.

ಮೊದಲು ಸೋರುತ್ತಿರುವುದು ಏನೆಂದು ಗೊತ್ತಾಗಬೇಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಅಡಿಗೆ ಅಗಲವಾದ ರಟ್ಟು ಹಾಸಿ, ನಾಲ್ಕು ಚಕ್ರಗಳ ಜಾಗವನ್ನೂ ಮುಂಭಾಗ ಯಾವುದೆಂಬುದನ್ನೂ ಪೆನ್ನಿನಿಂದ ಗುರುತಿಸಿ ರಾತ್ರಿಯಿಡೀ ಬಿಡಿ. ಎಂಜಿನ್ ಆಯಿಲ್ ಕಂದು ಅಥವಾ ಕಪ್ಪಾಗಿರುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು ಸಾಮಾನ್ಯವಾಗಿ ಕೆಂಪು. ಎರಡು ಚಕ್ರಗಳ ನಡುವೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಗೇರ್ ಆಯಿಲ್ ಗಟ್ಟಿಯಾಗಿದ್ದು ಗಂಧಕದ ವಾಸನೆ ಬರುತ್ತದೆ. ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಹಸಿರು, ಕಿತ್ತಳೆ ಅಥವಾ ಗುಲಾಬಿ ಬಣ್ಣದ್ದಾಗಿರಬಹುದು. ಅದರ ವಾಸನೆ ಸಿಹಿ, ಆದರೆ ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ವಿಷ. ನಾಯಿ, ಬೆಕ್ಕುಗಳು ನೆಕ್ಕುವ ಮೊದಲೇ ಒರೆಸಿಬಿಡಿ. ಸಂದೇಹವಿದ್ದರೆ ಒಂದು ಹನಿಯನ್ನು ಬಿಸಾಡುವ ಲೋಟದ ನೀರಿಗೆ ಬಿಡಿ: ಆಯಿಲ್ ತೇಲುತ್ತದೆ, ಕೂಲೆಂಟ್ ಮತ್ತು ಸಾಮಾನ್ಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತವೆ. ಚಕ್ರದ ಒಳಬದಿಯಲ್ಲಿ ತೆಳುವಾದ, ತುಸು ಹಳದಿ ದ್ರವ ಕಂಡರೆ ಬ್ರೇಕ್ ಆಯಿಲ್ ಇರಬಹುದು; ಆಗ, ಹಾಗೆಯೇ ಪೆಟ್ರೋಲ್ ವಾಸನೆ ಬಂದಾಗಲೂ, ಗಾಡಿಯನ್ನು ಕದಲಿಸಲೇ ಬಾರದು. ಎಸಿ ಓಡಿಸಿದ ಮೇಲೆ ಬೀಳುವ ಶುದ್ಧ ನೀರಿಗೆ ಚಿಂತೆ ಬೇಡ.

ಕೆಳಗೆ ನುಸುಳುವ ಮೊದಲು ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಗಾಡಿಯನ್ನು ಎತ್ತಿದ್ದರೆ ಭಾರ ಸ್ಟ್ಯಾಂಡುಗಳ ಮೇಲೆ ಕೂತಿರಬೇಕು, ಬರೀ ಜಾಕನ್ನು ನಂಬಿ ಯಾರೂ ಒಳಗೆ ಹೋಗಬಾರದು. ವರ್ಷಗಟ್ಟಲೆ ಮೆತ್ತಿಕೊಂಡ ಜಿಡ್ಡು, ಧೂಳನ್ನು ಡಿಗ್ರೀಸರ್ ಹಾಕಿ ತೊಳೆದು ಒಣಗಿಸುವುದೇ ಇಡೀ ಕೆಲಸದ ಮುಖ್ಯ ಭಾಗ, ಇದನ್ನು ಬಿಟ್ಟರೆ ಉಳಿದದ್ದೆಲ್ಲ ಊಹೆ. ಅನುಮಾನದ ಜಾಗಕ್ಕೆ ತೆಳುವಾಗಿ ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯ ಮೇಲೆ ಒದ್ದೆಯ ಸಣ್ಣ ಗೆರೆ ಸ್ಪಷ್ಟವಾಗಿ ಮೂಡಿರುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ, ಮುಂದಕ್ಕೆ ಹೋಗಿ. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಒದ್ದೆ ಜಾಗವೇ ಬಹುಮಟ್ಟಿಗೆ ಮೂಲ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕಡೆ ಆಯಿಲ್ ತೊಟ್ಟಿಕ್ಕುವುದು ಅತಿ ಹೆಚ್ಚು ದಾರಿ ತಪ್ಪಿಸುವ ಲಕ್ಷಣ. ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆಯೆಂದು ಗೇರ್‌ಬಾಕ್ಸ್ ಇಳಿಸುವ ದೊಡ್ಡ ಖರ್ಚಿಗೆ ಒಪ್ಪುವ ಮುನ್ನ ಎಂಜಿನ್ನಿನ ನೆತ್ತಿಯ ವಾಲ್ವ್ ಕವರ್ ಪ್ಯಾಕಿಂಗಿನ ಹಿಂಬದಿಗೆ ಬೆರಳಾಡಿಸಿ ನೋಡಿ. ಅಲ್ಲಿ ಜಿನುಗುವ ಆಯಿಲ್ ಹಿಂಗೋಡೆಯಗುಂಟ ಇಳಿದು ಅದೇ ಜಾಗದಲ್ಲಿ ಬೀಳುತ್ತದೆ. ಎಂಜಿನ್ನಿನೊಳಗಿನ ಅನಿಲ ಹೊರಹೋಗುವ ದಾರಿಯಾದ ಬ್ರೀದರ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಏರಿ ಒಳ್ಳೆಯ ಸೀಲುಗಳಿಂದಲೂ ಆಯಿಲ್ ಹೊರಬರುತ್ತದೆ, ಆದ್ದರಿಂದ ಅದನ್ನೂ ಪರೀಕ್ಷಿಸಬೇಕು. ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಎಂಜಿನ್ ತಣ್ಣಗಿರುವಾಗಲೇ ಹೋಸ್ ಕ್ಲಿಪ್ಪುಗಳನ್ನೂ ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರವನ್ನೂ ನೋಡಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ವಾರಗಟ್ಟಲೆ ನಿಂತ ಆಟೊಮ್ಯಾಟಿಕ್ ಗಾಡಿಗಳಲ್ಲಿ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಆಯಿಲ್ ತಳದ ಪ್ಯಾನಿಗೆ ಇಳಿದು ಮಟ್ಟ ಏರುವುದರಿಂದ, ಓಡಾಡುವಾಗ ಕಾಣದ ಸೋರಿಕೆ ನಿಂತಾಗ ಕಾಣಿಸಿಕೊಳ್ಳಬಹುದು.

ಬಿದ್ದದ್ದು ಬರೀ ನೀರಾದರೆ ವಾಸದ ಭಾಗದ ಕಡೆ ತಿರುಗಿ. ಕುಡಿಯುವ ನೀರಿನ ಟ್ಯಾಂಕಿಗೆ ತಿನ್ನುವ ಬಣ್ಣ ಒಂದಿಷ್ಟು ಬೆರೆಸಿ, ಬಣ್ಣದ ಹನಿ ಎಲ್ಲಿ ಬೀಳುವುದೆಂದು ನೋಡಿ. ನಲ್ಲಿಗಳೆಲ್ಲ ಮುಚ್ಚಿದ್ದರೂ ಪಂಪು ಆಗಾಗ ತಾನಾಗಿ ಓಡಿದರೆ ಅದರ ಒಳವಾಲ್ವ್ ಕೆಟ್ಟಿರಬೇಕು, ಇಲ್ಲವೇ ಮುಂದಿನ ಪೈಪು ಎಲ್ಲೋ ಬಿಟ್ಟಿರಬೇಕು. ಬಣ್ಣ ಕಾಣದೆ, ಮಳೆಯ ಮರುದಿನ ಮಾತ್ರ ಹನಿ ಬೀಳುತ್ತಿದ್ದರೆ ಕಿಟಕಿಯ ರಬ್ಬರಿನಿಂದಲೋ ಚಾವಣಿಯ ಕೀಲಿನಿಂದಲೋ ಗೋಡೆಯೊಳಗೆ ಇಳಿದ ನೀರು ನೆಲದಡಿಯಿಂದ ಹೊರಬರುತ್ತಿದೆಯೆಂದು ತಿಳಿಯಬಹುದು. ಮೂಲೆಯ ಹಾಸನ್ನು ಎತ್ತಿ ಪ್ಲೈವುಡ್ಡನ್ನು ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿರುವ ಕಡೆಯಿಂದ ಮೇಲಕ್ಕೆ ಹುಡುಕುತ್ತಾ ಹೋಗಿ.